ಯಾತ್ರೆಯ ಗಾಡಿಗೆ ಬಿಸಿಲಿನ ವಿದ್ಯುತ್ತು

ಯುಗಾದಿ ಸಮೀಪಿಸಿದಂತೆ ಉತ್ತರ ಕರ್ನಾಟಕದ ಹಾದಿಗಳ ಮೇಲೆ ಶ್ರೀಶೈಲದ ಯಾತ್ರಿಕರ ತಂಡಗಳು ಕಾಣತೊಡಗುತ್ತವೆ. ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು, ಬಿಸಿಲೇರುವ ಮೊದಲು ಸಾಧ್ಯವಾದಷ್ಟು ಹಾದಿ ಸವೆಸಬೇಕೆಂದು ನಸುಕಿನಲ್ಲಿಯೇ ಎದ್ದು ನಡೆಯುವ ಈ ಜನರ ಹಿಂದೆ ಇಲ್ಲವೆ ಮುಂದೆ ಒಂದು ಗಾಡಿ ಇದ್ದೇ ಇರುತ್ತದೆ. ಅಕ್ಕಿ, ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿ, ನೀರಿನ ಡ್ರಮ್ಮು, ಹಾಸಿಗೆ-ಹೊದಿಕೆ, ಔಷಧದ ಪೆಟ್ಟಿಗೆ ಇವೆಲ್ಲ ಅದರಲ್ಲಿ. ಮೇಲೊಂದು ತಾಡಪತ್ರಿ. ನಡೆಯುವವರು ತಂಗುವಲ್ಲಿ ಆ ಗಾಡಿಯೇ ಅಡಿಗೆಮನೆ, ಅದೇ ಉಗ್ರಾಣ, ಅದೇ ದವಾಖಾನೆ. ಹತ್ತಿರದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿವೆಗೆ ಹೋಗುವವರ ಗಾಡಿಯೂ ಹೀಗೆಯೇ ಎರಡು-ಮೂರು ದಿನದ ಮನೆಯಾಗುತ್ತದೆ. ಹೊರದೇಶಗಳಲ್ಲಿ ಮಂಚ, ಒಲೆ, ದೀಪಗಳನ್ನು ಜೋಡಿಸಿದ ಕ್ಯಾರವಾನ್ ಎಂಬ ಮನೆಗಾಡಿಗಳಿವೆ. ನಮ್ಮಲ್ಲಿ ಅಂಥ ಗಾಡಿಗಳು ವಿರಳ. ಆದರೆ ಗಾಡಿಯಲ್ಲಿ ಸಂಸಾರ ಹೂಡುವ ರೂಢಿ ನಮಗೇನೂ ಹೊಸದಲ್ಲ. ಕೊಲ್ಲಾರಿ ಬಂಡಿಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೊಸದಾಗಿರುವದು ಒಂದೇ. ಕಂದೀಲೊಂದು ಇದ್ದರೆ ಹಿಂದೆ ಯಾತ್ರೆ ಸಾಗುತ್ತಿತ್ತು. ಇಂದು ಗಾಡಿಗೆ ವಿದ್ಯುತ್ತು ಬೇಕಾಗಿದೆ. ದೀಪ, ಮೊಬೈಲು, ಭಜನೆಯ ಮೈಕು, ಸೆಕೆಯ ರಾತ್ರಿಗೆ ಪಂಖ, ಕೆಲವರಿಗೆ ತಂಪಾಗಿ ಇಡಬೇಕಾದ ಔಷಧ. ಅನೇಕರು ಇವನ್ನೆಲ್ಲ ಗಾಡಿಯ ಇಂಜಿನ್ನಿನ ಬ್ಯಾಟರಿಗೇ ಜೋಡಿಸುತ್ತಾರೆ. ಬೆಳಗಾದರೆ ಇಂಜಿನ್ನು ಚಾಲೂ ಆಗುವದಿಲ್ಲ. ಇನ್ನು ಕೆಲವರು ಅಂಗಡಿಯವರು ತೋರಿಸಿದ ಸೌರಫಲಕವನ್ನು ತಂದು ಗಾಡಿಯ ಮೇಲೆ ಕಟ್ಟುತ್ತಾರೆ. ಮೂರನೆಯ ರಾತ್ರಿ ದೀಪ ಮಂಕಾದಾಗ ಫಲಕವನ್ನು ಬಯ್ಯುತ್ತಾರೆ. ತಪ್ಪು ಬಹುತೇಕ ಫಲಕದ್ದಲ್ಲ, ಲೆಕ್ಕದ್ದು. ಆ ಲೆಕ್ಕವನ್ನು ಯಾರಾದರೂ ಮನೆಯ ಜಗುಲಿಯ ಮೇಲೆ ಕುಳಿತು ಮಾಡಬಹುದು ಎಂಬದನ್ನು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ಬಾಯಿ ಎಣಿಸಿರಿ

ನಮ್ಮ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಷ್ಟು ದೊಡ್ಡದಿರಬೇಕೆಂಬದನ್ನು ಹೊಲದ ಅಳತೆಯಿಂದ ನಿರ್ಧರಿಸುತ್ತಿರಲಿಲ್ಲ. ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು, ಮುಂದಿನ ಸುಗ್ಗಿ ಎಷ್ಟು ದೂರ ಎಂಬದರಿಂದ ನಿರ್ಧರಿಸುತ್ತಿದ್ದರು. ಸೌರಫಲಕವೆಂದರೆ ಬೆಳೆ, ಬ್ಯಾಟರಿಯೆಂದರೆ ಹಗೇವು, ದೀಪ-ಪಂಖಗಳೆಂದರೆ ಬಾಯಿಗಳು. ಇಲ್ಲಿ ಸುಗ್ಗಿ ದಿನಕ್ಕೊಮ್ಮೆ ಬರುತ್ತದೆ ಎಂಬದಷ್ಟೇ ವ್ಯತ್ಯಾಸ. ಆದುದರಿಂದ ಕ್ರಮ ಹೀಗಿರಬೇಕು: ಮೊದಲು ಬಾಯಿಗಳ ಎಣಿಕೆ, ಆಮೇಲೆ ಹಗೇವು, ಕೊನೆಗೆ ಬೆಳೆ. ೧೯೯೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಕರ್ನಾಟಕದ ಹಳ್ಳಿಗಳಿಗೆ ಸೌರದೀಪಗಳನ್ನು ಮುಟ್ಟಿಸಿದ ಸೆಲ್ಕೋ ಸಂಸ್ಥೆಯವರು ನಡೆದುದೂ ಈ ಕ್ರಮದಲ್ಲಿಯೇ: ಈ ಮನೆಗೆ ಏನು ಬೇಕು ಎಂದು ಮೊದಲು ಕೇಳುವದು, ಸಾಮಾನನ್ನು ಆಮೇಲೆ ಜೋಡಿಸುವದು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಲೆಕ್ಕಕ್ಕೆ ಒಂದೇ ಅಳತೆ ಸಾಕು. ಪ್ರತಿಯೊಂದು ಉಪಕರಣದ ಮೇಲೆ ಅದು ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ಎಷ್ಟು ತಾಸು ಉರಿಸುತ್ತೀರೋ ಅದರಿಂದ ಗುಣಿಸಿದರೆ ವ್ಯಾಟ್-ತಾಸು ಬರುತ್ತದೆ. ಜೋಳಕ್ಕೆ ಸೇರು ಇದ್ದಂತೆ ವಿದ್ಯುತ್ತಿಗೆ ಇದು. ಸಾವಿರ ವ್ಯಾಟ್-ತಾಸು ಸೇರಿದರೆ ನಿಮ್ಮ ಮನೆಯ ಬಿಲ್ಲಿನಲ್ಲಿ ಕಾಣುವ ಒಂದು ಯುನಿಟ್ಟು.

ನೀವು ಧಾರವಾಡ ಜಿಲ್ಲೆಯ ಶಲವಡಿಯವರು, ಇಪ್ಪತ್ತು ಜನರ ತಂಡ ಕಟ್ಟಿಕೊಂಡು ಶ್ರೀಶೈಲಕ್ಕೆ ಹೊರಟಿದ್ದೀರಿ ಎಂದು ಇಟ್ಟುಕೊಳ್ಳೋಣ. ಐದು ವ್ಯಾಟಿನ ಮೂರು ಎಲ್‌.ಇ.ಡಿ. ದೀಪಗಳು ರಾತ್ರಿಗೆ ಐದು ತಾಸು ಉರಿದರೆ ೭೫ ವ್ಯಾಟ್-ತಾಸು. ಹದಿನೈದು ವ್ಯಾಟಿನ ಎರಡು ಪಂಖಗಳು ಎಂಟು ತಾಸು ತಿರುಗಿದರೆ ೨೪೦. ಮೊಬೈಲು ಒಂದಕ್ಕೆ, ನಡುವೆ ಸೋರಿಹೋಗುವದನ್ನೂ ಹಿಡಿದು, ೨೦ರಂತೆ ಎಂಟಕ್ಕೆ ೧೬೦. ಇಪ್ಪತ್ತು ವ್ಯಾಟಿನ ಮೈಕು ಎರಡು ತಾಸಿನ ಭಜನೆಗೆ ೪೦. ಒಟ್ಟು ೫೧೫ ವ್ಯಾಟ್-ತಾಸು. ಅರ್ಧ ಯುನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ.

ಇದರ ಮೇಲೆ ಗಾಡಿಯಲ್ಲಿ ಇಡುವಂಥ ಒಂದು ಸಣ್ಣ ೧೨ ವೋಲ್ಟಿನ ತಂಪುಪೆಟ್ಟಿಗೆ ಬೇಕೆಂದಿರಾ? ಅದು ನಡೆಯುತ್ತಿರುವಾಗ ಸುಮಾರು ೪೫ ವ್ಯಾಟು ಎಳೆಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹನ್ನೊಂದು ತಾಸಾದರೂ ಅದರ ಯಂತ್ರ ದುಡಿಯುತ್ತದೆಂದು ಹಿಡಿದರೆ ೪೯೫ ವ್ಯಾಟ್-ತಾಸು. ಅಂದರೆ ಉಳಿದೆಲ್ಲ ಬಾಯಿಗಳು ಕೂಡಿ ಉಣ್ಣುವಷ್ಟನ್ನು ಇದೊಂದೇ ಉಣ್ಣುತ್ತದೆ. ಒಟ್ಟು ೧೦೧೦ಕ್ಕೆ ಏರುತ್ತದೆ. ಇನ್ನು ವಿದ್ಯುತ್ತಿನ ಇಂಡಕ್ಷನ್ ಒಲೆಯ ಮಾತನ್ನು ಬಿಟ್ಟೇ ಬಿಡಿರಿ. ಎರಡು ಸಾವಿರ ವ್ಯಾಟಿನ ಒಲೆ ಒಂದೇ ತಾಸಿನಲ್ಲಿ ತಂಡದ ಎರಡು ದಿನದ ಪಾಲನ್ನು ನುಂಗುತ್ತದೆ. ಅಡಿಗೆಗೆ ಗ್ಯಾಸು ಇರಲಿ.

ತಂಪುಪೆಟ್ಟಿಗೆ ಯಾರಿಗಾಗಿ?

ಇಲ್ಲಿ ತುಸು ನಿಂತು ಯೋಚಿಸಬೇಕು. ತಣ್ಣನೆಯ ನೀರಿಗಾಗಿ, ಹಾಲು-ಮೊಸರಿಗಾಗಿ ತಂಪುಪೆಟ್ಟಿಗೆ ಬೇಕೆನ್ನುವದಾದರೆ ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗಬಹುದು. ಆದರೆ ಈಗಿನ ತಂಡಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಒಬ್ಬಿಬ್ಬರಾದರೂ ಇರುತ್ತಾರೆ. ಅವರಲ್ಲಿ ಕೆಲವರು ಇನ್ಸುಲಿನ್ ಚುಚ್ಚಿಕೊಳ್ಳುವವರು. ಇನ್ಸುಲಿನ್ನಿನ ತೆರೆಯದ ಸೀಸೆಯನ್ನು ೨ರಿಂದ ೮ ಡಿಗ್ರಿ ತಂಪಿನಲ್ಲಿ ಇಡಬೇಕು. ಚೈತ್ರದ ಬಿಸಿಲಿಗೆ ನಿಂತ ಗಾಡಿಯ ಒಳಗೆ ಶಾಖ ಹೊರಗಿನ ೪೦ ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿ ಬಿದ್ದಿರುವ ಸೀಸೆ ನೋಡುವದಕ್ಕೆ ಮೊದಲಿನಂತೆಯೇ ಇದ್ದರೂ ಅದರ ಗುಣ ಹೋಗುತ್ತದೆ. ಚುಚ್ಚಿಕೊಂಡವರಿಗೆ ಔಷಧ ತೆಗೆದುಕೊಂಡೆವೆಂಬ ಧೈರ್ಯ, ಒಳಗೆ ಸಕ್ಕರೆ ಏರುತ್ತಲೇ ಇರುತ್ತದೆ. ಅಪಾಯವಿರುವದು ಇಲ್ಲಿ.

ಆದರೂ ಇದಕ್ಕೆ ಯಂತ್ರದ ತಂಪೇ ಬೇಕೆಂದಿಲ್ಲ. ಒಮ್ಮೆ ತೆರೆದು ಬಳಸುತ್ತಿರುವ ಸೀಸೆ, ಅಥವಾ ಪೆನ್ನು, ಬಹುತೇಕ ಬಗೆಗಳಲ್ಲಿ ೨೫-೩೦ ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ಬಾಯಿ ಮುಚ್ಚಿದ ಡಬ್ಬಿಯಲ್ಲಿ ಅದನ್ನಿಟ್ಟು, ಆ ಡಬ್ಬಿಯನ್ನು ಹಸಿ ಉಸುಕಿನ ನಡುವೆ ಮಣ್ಣಿನ ಗಡಿಗೆಯಲ್ಲಿ ಹೂತು, ಮೇಲೆ ತೊಯ್ದ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟರೆ ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಹೊರಗಿಗಿಂತ ಎಂಟು-ಹತ್ತು ಡಿಗ್ರಿ ತಂಪು ಸಿಗುತ್ತದೆ. ಇದೇ ತತ್ವದ ಮೇಲೆ ಮಾಡಿದ, ನೀರಿನಲ್ಲಿ ಅದ್ದಿ ಬಳಸುವ ಚೀಲಗಳು ಔಷಧದ ಅಂಗಡಿಗಳಲ್ಲಿ ಸಿಗುತ್ತವೆ. ಗಡಿಗೆಯೊಳಗೆ ಒಂದು ಸಣ್ಣ ಉಷ್ಣಮಾಪಕ ಇರಲಿ; ಊಹೆಯ ಮೇಲೆ ನಂಬಿ ಕೂಡುವದು ಬೇಡ. ಹೊರಡುವ ಮೊದಲು ನಿಮ್ಮ ವೈದ್ಯರಿಗೆ ಎರಡು ಪ್ರಶ್ನೆ ಕೇಳಿರಿ: ಈ ಔಷಧ ಎಷ್ಟು ಶಾಖವನ್ನು ತಾಳುತ್ತದೆ, ಎಷ್ಟು ದಿನ ತಾಳುತ್ತದೆ? ಒಬ್ಬರದೇ ಒಂದು ಸೀಸೆಯಾದರೆ ಗಡಿಗೆ ಸಾಕಾಗಬಹುದು. ಮೂರು-ನಾಲ್ಕು ಜನರ ತೆರೆಯದ ಸೀಸೆಗಳನ್ನು ಒಯ್ಯಬೇಕಾದರೆ ತಂಪುಪೆಟ್ಟಿಗೆಯೇ ಬೇಕು. ಆಗ ಬ್ಯಾಟರಿಯೂ ಫಲಕವೂ ಇಮ್ಮಡಿಯಾಗುತ್ತವೆ. ಪೆಟ್ಟಿಗೆಯಲ್ಲಿ ಔಷಧ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಮತ್ತೆ ಬಳಸುವಂತಿಲ್ಲ.

ಯಾವ ಬ್ಯಾಟರಿ?

ಬ್ಯಾಟರಿಯ ಪರಿಚಯ ನಮ್ಮ ಹಳ್ಳಿಗಳಿಗೆ ಹಳೆಯದು. ೧೯೫೦ರ ಜನವರಿ ೮ರಂದು ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದ ಕಾಲದಲ್ಲಿ ವಿದ್ಯುತ್ತಿಲ್ಲದ ಊರುಗಳಲ್ಲಿ ರೇಡಿಯೋ ಕೇಳಬೇಕಾದರೆ ಬ್ಯಾಟರಿಯೇ ಗತಿಯಾಗಿತ್ತು. ಮತ್ತೆ ಮತ್ತೆ ತುಂಬಬಲ್ಲ ಸೀಸದ ಬ್ಯಾಟರಿಯನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದನು. ಸೀಸದ ಫಲಕಗಳು, ಗಂಧಕಾಮ್ಲದ ನೀರು: ಮೂಲದ ಈ ರಚನೆ ಇಂದಿಗೂ ಬದಲಾಗಿಲ್ಲ. ಆದರೆ ಅಂಗಡಿಯಲ್ಲಿ ನೋಡುವದಕ್ಕೆ ಒಂದೇ ಥರ ಕಾಣುವ ಬ್ಯಾಟರಿಗಳು ಗುಣದಲ್ಲಿ ಬೇರೆ ಬೇರೆ.

ಮೊದಲನೆಯದು ಇಂಜಿನ್ನು ಚಾಲೂ ಮಾಡುವ ಬ್ಯಾಟರಿ. ಇದರ ಸೀಸದ ಫಲಕಗಳು ತೆಳ್ಳಗೆ; ನಾಲ್ಕಾರು ಸೆಕೆಂಡು ನೂರಾರು ಆಂಪಿಯರು ಕೊಟ್ಟು, ಕೂಡಲೆ ಮತ್ತೆ ತುಂಬಿಕೊಳ್ಳುವದಕ್ಕೆ ಇದನ್ನು ಮಾಡಿದ್ದಾರೆ. ಇದು ಓಟದ ಕುದುರೆ, ನೇಗಿಲಿಗೆ ಕಟ್ಟಬಾರದು. ರಾತ್ರಿಯೆಲ್ಲ ದೀಪ ಉರಿಸಿ ಬೆಳಗಿಗೆ ಬರಿದುಮಾಡುತ್ತ ಹೋದರೆ ಕೆಲವೇ ಸಾರಿಗೆ ಇದು ಕೆಡುತ್ತದೆ.

ಎರಡನೆಯದು ಮನೆಯ ಇನ್ವರ್ಟರಿಗೆ ಇಡುವ ಟ್ಯೂಬ್ಯುಲರ್ ಬ್ಯಾಟರಿ. ಇದು ನಿಧಾನವಾಗಿ ದುಡಿಯುವ ಎತ್ತು; ಬಾಳಿಕೆ ಚೆನ್ನಾಗಿದೆ. ಆದರೆ ಎತ್ತರವಾದುದು, ತೂಕದ್ದು, ಒಳಗೆ ಆಮ್ಲ ದ್ರವರೂಪದಲ್ಲಿಯೇ ಇರುವದು. ಒಂದೆಡೆ ನಿಲ್ಲಿಸಿ ಬಳಸಲೆಂದು ಮಾಡಿದ ಇದನ್ನು ತಗ್ಗು-ದಿನ್ನೆಯ ಹಾದಿಯಲ್ಲಿ ಕುಲುಕಾಡಿಸಿದರೆ ಆಮ್ಲ ಚೆಲ್ಲುತ್ತದೆ. ಆಗಾಗ ಶುದ್ಧಜಲ ಹಾಕಬೇಕಾಗುತ್ತದೆ.

ಮೂರನೆಯದು ಬಾಯಿ ಮುಚ್ಚಿದ ಸೀಸದ ಬ್ಯಾಟರಿ. ಆಮ್ಲವನ್ನು ಗಾಜಿನ ಎಳೆಯ ಹಾಸಿನಲ್ಲಿ ಹೀರಿಸಿ ಇಲ್ಲವೆ ಮುದ್ದೆಯಂತೆ ಮಾಡಿ ಇಟ್ಟಿರುವದರಿಂದ ಚೆಲ್ಲುವದಿಲ್ಲ, ನೀರು ಹಾಕುವ ಕೆಲಸವಿಲ್ಲ. ಸೀಸದ ಬಗೆಯಲ್ಲಿ ಗಾಡಿಗೆ ಒಪ್ಪುವದು ಇದು.

ನಾಲ್ಕನೆಯದು ಹೊಸದು: ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ. ಈ ಪದಾರ್ಥದ ಗುಣವನ್ನು ಅಮೇರಿಕೆಯ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ಸಂಗಡ ದುಡಿದವರು ೧೯೯೭ರಲ್ಲಿ ಪ್ರಕಟಿಸಿದರು. ಲಿಥಿಯಮ್ ಬ್ಯಾಟರಿಗಳ ಮೇಲಿನ ಸಂಶೋಧನೆಗಾಗಿ ಗುಡ್‌ಇನಫ್ ಅವರಿಗೆ ಇತರ ಇಬ್ಬರೊಡನೆ ೨೦೧೯ರ ನೊಬೆಲ್ ಪಾರಿತೋಷಕ ದೊರೆಯಿತು. ಲಿಥಿಯಮ್ಮಿನ ಬೇರೆ ಬಗೆಗಳಿಗಿಂತ ಇದು ಶಾಖಕ್ಕೆ ಹೆಚ್ಚು ತಾಳಿಕೊಳ್ಳುವದು, ಬೆಂಕಿಯ ಭಯ ಇದರಲ್ಲಿ ಕಡಿಮೆ. ಕೊಳ್ಳುವಾಗ ‘ಲಿಥಿಯಮ್’ ಎಂಬ ಒಂದೇ ಮಾತಿಗೆ ತೃಪ್ತರಾಗದೆ ಯಾವ ಬಗೆಯ ಲಿಥಿಯಮ್ ಎಂದು ಕೇಳಿರಿ. ಒಳಗೆ ಕಾವಲಿನ ಸರ್ಕೀಟು, ಅಂದರೆ ಬಿ.ಎಂ.ಎಸ್., ಇದೆಯೇ ಎಂಬದನ್ನೂ ಕೇಳಿರಿ.

ಈಗ ಲೆಕ್ಕಕ್ಕೆ ಬರೋಣ. ಬ್ಯಾಟರಿಯ ಮೇಲೆ ೧೨ ವೋಲ್ಟ್, ೧೦೦ ಆಂಪಿಯರ್-ತಾಸು ಎಂದು ಬರೆದಿದ್ದರೆ ಎರಡನ್ನೂ ಗುಣಿಸಿದಾಗ ೧೨೦೦ ವ್ಯಾಟ್-ತಾಸು ಬರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಷ್ಯ ಬೇಗ ಸವೆಯುತ್ತದೆ. ಹಗೇವಿನ ತಳದ ಕಾಳನ್ನು ಬಿತ್ತನೆಗೆಂದು ಮುಟ್ಟದೆ ಬಿಟ್ಟಂತೆ ಇದರ ಅರ್ಧವನ್ನು ಮುಟ್ಟಬಾರದು. ಆದುದರಿಂದ ನಿಮಗೆ ಸಿಗುವದು ೬೦೦. ತಂಪುಪೆಟ್ಟಿಗೆಯಿಲ್ಲದ ತಂಡದ ೫೧೫ಕ್ಕೆ ಇದು ಸಾಕು. ತಂಪುಪೆಟ್ಟಿಗೆಯೂ ಇದ್ದರೆ ಇಂಥವು ಎರಡು ಬೇಕು. ಒಂದೊಂದು ಸುಮಾರು ೩೦ ಕಿಲೋ ತೂಗುತ್ತದೆ.

ಲಿಥಿಯಮ್ ಬ್ಯಾಟರಿ ೧೨.೮ ವೋಲ್ಟಿನದು, ೧೦೦ ಆಂಪಿಯರ್-ತಾಸಿಗೆ ೧೨೮೦ ವ್ಯಾಟ್-ತಾಸು. ಇದರಲ್ಲಿ ಶೇಕಡಾ ೮೦ರಷ್ಟನ್ನು ಸಂಕೋಚವಿಲ್ಲದೆ ಬಳಸಬಹುದು; ೧೦೨೪ ಸಿಕ್ಕಿತು. ತಂಪುಪೆಟ್ಟಿಗೆ ಸಹಿತವಾದ ೧೦೧೦ಕ್ಕೆ ಇದೊಂದೇ ಸಾಕು. ತೂಕ ೧೨-೧೩ ಕಿಲೋ. ಹಗಲಿನಲ್ಲಿ ತಂಪುಪೆಟ್ಟಿಗೆಗೆ ಬೇಕಾದುದು ಫಲಕದಿಂದ ನೇರವಾಗಿಯೇ ಹೋಗುವದರಿಂದ ಕೈಯಲ್ಲಿ ತುಸು ಹೆಚ್ಚೇ ಉಳಿಯುತ್ತದೆ. ತುಂಬುವ-ಬರಿದಾಗುವ ಸುತ್ತುಗಳನ್ನು ಎಣಿಸಿದರೆ ಸೀಸದ್ದು ಕೆಲವು ನೂರು ಸುತ್ತು ಬಾಳುವಲ್ಲಿ ಇದು ಎರಡು ಸಾವಿರಕ್ಕೂ ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಮಾತ್ರ ತುಟ್ಟಿ.

ಹಾಗಾದರೆ ಲಿಥಿಯಮ್ಮನ್ನೇ ಕೊಳ್ಳಬೇಕೇ ಎಂದು ನೀವು ಕೇಳಬಹುದು. ವರುಷಕ್ಕೆ ಎರಡು ಯಾತ್ರೆ, ತಂಪುಪೆಟ್ಟಿಗೆಯಿಲ್ಲ, ಕೈಯಲ್ಲಿ ಹಣ ಕಡಿಮೆ ಎನ್ನುವವರಿಗೆ ಬಾಯಿ ಮುಚ್ಚಿದ ಸೀಸದ ಬ್ಯಾಟರಿ ಸಾಕು. ಆದರೆ ಅದನ್ನು ಉಳಿದ ತಿಂಗಳುಗಳಲ್ಲಿ ಮರೆಯುವಂತಿಲ್ಲ. ಸೀಸದ ಬ್ಯಾಟರಿ ದುಡಿದು ಸಾಯುವದಕ್ಕಿಂತ ಸುಮ್ಮನೆ ಬಿದ್ದು ಸಾಯುವದೇ ಹೆಚ್ಚು. ಅರೆಬರೆ ತುಂಬಿದ ಸ್ಥಿತಿಯಲ್ಲಿ ಮೂಲೆಗೆ ಒಗೆದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮುಂದಿನ ಯುಗಾದಿಗೆ ಅದು ತುಂಬಿಕೊಳ್ಳುವದೇ ಇಲ್ಲ. ಪೂರ್ತಿ ತುಂಬಿ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಲಿಥಿಯಮ್ಮಿನದಾದರೋ ಅರ್ಧ ತುಂಬಿ ತಂಪಾದ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಎರಡಕ್ಕೂ ಒಳ್ಳೆಯ ಉಪಾಯವೆಂದರೆ ಯಾತ್ರೆ ಮುಗಿದ ಮೇಲೆ ಫಲಕ-ಬ್ಯಾಟರಿಗಳನ್ನು ಇಳಿಸಿ ಹೊಲದ ಗುಡಿಸಲಿಗೆ ಒಯ್ಯುವದು. ಕಡಲೆ, ಮೆಣಸಿನಕಾಯಿ ಕಣದಲ್ಲಿರುವಾಗ ರಾತ್ರಿಯ ಕಾವಲಿಗೆ ದೀಪವಾಯಿತು, ಬ್ಯಾಟರಿಯೂ ಬದುಕಿತು.

ಬಿಸಿಲು ಎಷ್ಟು ಕೊಡುತ್ತದೆ?

ಬೆಳಕಿನಿಂದ ವಿದ್ಯುತ್ತು ಹುಟ್ಟುವದನ್ನು ೧೮೩೯ರಲ್ಲಿಯೇ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಗುರುತಿಸಿದ್ದನು. ಕೆಲಸಕ್ಕೆ ಬರುವಂಥ ಸಿಲಿಕಾನ್ ಸೌರಕೋಶ ಹುಟ್ಟಿದ್ದು ೧೯೫೪ರಲ್ಲಿ, ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ. ಬಿದ್ದ ಬಿಸಿಲಿನ ಶೇಕಡಾ ೬ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಫಲಕಗಳು ಶೇಕಡಾ ೨೦ರ ಆಸುಪಾಸಿನಲ್ಲಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨೦೫೦ ಮೆಗಾವ್ಯಾಟಿನ ಸೌರ ಉದ್ಯಾನವೇ ಎದ್ದಿದೆ. ನಿಮ್ಮ ಗಾಡಿಯ ಮೇಲೇರುವದು ಅದೇ ಬಳಗದ ಒಂದು ತುಣುಕು.

ಫಲಕದ ಮೇಲೆ ೧೦೦ ವ್ಯಾಟ್ ಎಂದು ಬರೆದಿದ್ದರೆ ಅದು ಪ್ರಯೋಗಶಾಲೆಯ ಮಾತು: ನೆಟ್ಟಗೆ ಬೀಳುವ ಪ್ರಖರ ಬಿಸಿಲು, ಫಲಕದ ಶಾಖ ೨೫ ಡಿಗ್ರಿ. ನಮ್ಮ ಕಡೆ ಬೇಸಿಗೆಯ ಒಂದು ಹಗಲಿನ ಬಿಸಿಲನ್ನೆಲ್ಲ ಕೂಡಿಸಿದರೆ ಅಂಥ ಪ್ರಖರ ಬಿಸಿಲಿನ ಐದಾರು ತಾಸಿಗೆ ಸಮವಾಗುತ್ತದೆ. ಆದರೆ ಗಾಡಿಯ ಮೇಲೆ ಅಂಗಾತ ಬಿದ್ದ ಫಲಕ ಮಧ್ಯಾಹ್ನ ೬೦ ಡಿಗ್ರಿ ದಾಟಿ ಕಾಯುತ್ತದೆ. ಶಾಖ ಒಂದೊಂದು ಡಿಗ್ರಿ ಏರಿದಂತೆ ಅದರ ಇಳುವರಿ ಶೇಕಡಾ ೦.೪ರಷ್ಟು ಇಳಿಯುತ್ತದೆ. ಬಿಸಿಲು ಹೆಚ್ಚಾದಷ್ಟೂ ಒಳ್ಳೆಯದು, ಕಾವು ಹೆಚ್ಚಾದರೆ ಮಾತ್ರ ಕೆಟ್ಟದ್ದು. ಆದುದರಿಂದ ಫಲಕಕ್ಕೂ ಗಾಡಿಯ ಮಾಡಿಗೂ ನಡುವೆ ಎರಡು-ಮೂರು ಅಂಗುಲ ಗಾಳಿಯಾಡುವಂತೆ ಕಟ್ಟಿರಿ. ಎರೆಯ ಹಾದಿಯ ಧೂಳನ್ನು ದಿನವೂ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿರಿ.

ಕಾವು, ಧೂಳು, ತಂತಿಯಲ್ಲಿ ಹೋಗುವದು ಎಲ್ಲ ಕಳೆದು ನೂರಕ್ಕೆ ಎಪ್ಪತ್ತು ಸಿಕ್ಕಿತೆಂದೂ, ದಿನಕ್ಕೆ ಐದು ತಾಸಿನ ಬಿಸಿಲೆಂದೂ ಹಿಡಿಯಿರಿ. ೧೫೦ ವ್ಯಾಟಿನ ಫಲಕ ೫೨೫ ವ್ಯಾಟ್-ತಾಸು ಕೊಡುತ್ತದೆ, ೩೦೦ ವ್ಯಾಟಿನದು ೧೦೫೦. ಮೇಲಿನ ಎರಡು ಲೆಕ್ಕಗಳಿಗೆ ಇವು ಸರಿಹೋಗುತ್ತವೆ. ಸೀಸದ ಬ್ಯಾಟರಿ ತುಂಬುವಾಗಲೂ ಒಂದಿಷ್ಟನ್ನು ತಾನೇ ನುಂಗುವದರಿಂದ ಅದಕ್ಕೆ ೧೫೦ರ ಬದಲು ೨೦೦ ವ್ಯಾಟಿನ ಫಲಕ ಹಾಕುವದು ಲೇಸು. ಶ್ರಾವಣದ ಮೋಡದಲ್ಲಿ ಇಷ್ಟು ನಿರೀಕ್ಷಿಸಬಾರದು. ಯುಗಾದಿಯ ಹೊತ್ತಿಗೂ ಒಂದು ದಿನ ಅಡ್ಡಮಳೆ ಬಂದು ಮೋಡ ಕವಿಯಬಹುದು. ಆ ರಾತ್ರಿ ಪಂಖ ನಿಲ್ಲಲಿ, ಔಷಧದ ತಂಪು ನಿಲ್ಲದಿರಲಿ.

ಇನ್ನೊಂದು ಸೂಕ್ಷ್ಮ. ಫಲಕದೊಳಗಿನ ಕೋಶಗಳು ಒಂದರ ಬಾಲಕ್ಕೆ ಒಂದು ಕಟ್ಟಿದ ಎತ್ತಿನ ಸಾಲಿನಂತೆ. ಒಂದು ನಿಂತರೆ ಹಿಂದಿನವೂ ನಿಲ್ಲುತ್ತವೆ. ಬೇವಿನ ಟೊಂಗೆಯ ನೆರಳು ಫಲಕದ ಒಂದು ಮೂಲೆಯ ಮೇಲೆ ಬಿದ್ದರೂ ಇಳುವರಿ ಮೂರರಲ್ಲೊಂದು ಪಾಲೋ ಅದಕ್ಕಿಂತ ಹೆಚ್ಚೋ ಇಳಿದುಹೋಗುತ್ತದೆ. ಇಲ್ಲಿಯೇ ಯಾತ್ರಿಕರ ತೊಡಕು. ನಡೆದು ದಣಿದವರು ಮಧ್ಯಾಹ್ನ ಗಾಡಿಯನ್ನು ಹುಣಿಸೆಮರದ ಬುಡದಲ್ಲಿ ನಿಲ್ಲಿಸುತ್ತಾರೆ. ಮನುಷ್ಯನಿಗೆ ಬೇಕಾದುದು ನೆರಳು, ಫಲಕಕ್ಕೆ ಬೇಕಾದುದು ಬಿಸಿಲು, ಎರಡೂ ಅದೇ ಹೊತ್ತಿನಲ್ಲಿ. ಇದಕ್ಕೆ ಪರಿಹಾರ ಸುಲಭ. ಫಲಕಗಳಲ್ಲಿ ಒಂದನ್ನಾದರೂ ಬಿಚ್ಚಿ ಇಳಿಸುವಂತೆ ಕಟ್ಟಿ, ಹತ್ತು ಮೀಟರಿನ ದಪ್ಪ ತಂತಿ ಇಟ್ಟುಕೊಂಡರೆ ಗಾಡಿ ಮರದ ಕೆಳಗಿರಲಿ, ಫಲಕ ಬಯಲಿನಲ್ಲಿ ದುಡಿಯಲಿ.

ನಡುವಿನ ಕಾವಲುಗಾರ

ಫಲಕವನ್ನು ಬ್ಯಾಟರಿಗೆ ನೇರವಾಗಿ ಜೋಡಿಸಬಾರದು. ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಪೆಟ್ಟಿಗೆ ಇರಬೇಕು. ಬ್ಯಾಟರಿ ತುಂಬಿದೊಡನೆ ನಿಲ್ಲಿಸುವದು ಅದರ ಕೆಲಸ. ಇದರಲ್ಲಿ ಪಿ.ಡಬ್ಲ್ಯು.ಎಂ. ಎಂಬ ಅಗ್ಗದ ಬಗೆ, ಎಂ.ಪಿ.ಪಿ.ಟಿ. ಎಂಬ ತುಟ್ಟಿಯ ಬಗೆ ಎಂದು ಎರಡಿವೆ. ಅಗ್ಗದ್ದು ಫಲಕದ ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಇಳಿಸಿಬಿಡುತ್ತದೆ. ೧೨ ವೋಲ್ಟಿನ ಬ್ಯಾಟರಿಗೆಂದೇ ಮಾಡಿದ ಸಣ್ಣ ಫಲಕ ೧೮ ವೋಲ್ಟಿನಲ್ಲಿ ದುಡಿಯುವಂಥದು. ಅದಕ್ಕೆ ಇದು ನಡೆದೀತು. ಆದರೆ ಮನೆಯ ಮಾಳಿಗೆಗೆ ಹಾಕುವ ೩೩೦ ವ್ಯಾಟಿನ ದೊಡ್ಡ ಫಲಕ ಸುಮಾರು ೩೭ ವೋಲ್ಟು, ೯ ಆಂಪಿಯರಿನದು. ಅಗ್ಗದ ಕಂಟ್ರೋಲರ್ ಆ ೯ ಆಂಪಿಯರನ್ನು ೧೩ ವೋಲ್ಟಿನಲ್ಲಿ ಮಾತ್ರ ಕೊಡುತ್ತದೆ: ೧೧೭ ವ್ಯಾಟು! ಮೂರರಲ್ಲಿ ಎರಡು ಪಾಲು ಗಾಳಿಗೆ ಹೋಯಿತು. ದೊಡ್ಡ ಫಲಕ ಅಗ್ಗವಾಗಿ ಸಿಕ್ಕಿತೆಂದು ತಂದವರು ಮೋಸಹೋಗುವದು ಇಲ್ಲಿಯೇ. ದೊಡ್ಡ ಫಲಕಕ್ಕೆ ಎಂ.ಪಿ.ಪಿ.ಟಿ.ಯೇ ಬೇಕು, ಅದು ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಿಯರಾಗಿ ಮಾರ್ಪಡಿಸುತ್ತದೆ. ೩೦೦ ವ್ಯಾಟನ್ನು ೧೨ರಿಂದ ಭಾಗಿಸಿದರೆ ೨೫ ಆಂಪಿಯರು. ೩೦ ಆಂಪಿಯರಿನ ಕಂಟ್ರೋಲರ್ ಕೊಳ್ಳಿರಿ. ೨೦೦ ವ್ಯಾಟಿಗೆ ೨೦ ಆಂಪಿಯರಿನದು ಸಾಕು. ನಿಮ್ಮ ಬ್ಯಾಟರಿಯ ಬಗೆಗೆ ತಕ್ಕಂತೆ ಅದನ್ನು ಹೊಂದಿಸಲು ಬರುತ್ತದೆಯೇ ಎಂಬದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಿರಿ. ಸೀಸಕ್ಕೆ ಹೊಂದಿಸಿದ್ದು ಲಿಥಿಯಮ್ಮಿಗೆ ಸಲ್ಲದು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ.

ಸಾಧ್ಯವಾದಷ್ಟು ಎಲ್ಲ ಉಪಕರಣಗಳೂ ೧೨ ವೋಲ್ಟಿನವೇ ಇರಲಿ. ಇನ್ವರ್ಟರ್ ಇಟ್ಟು ೨೩೦ ವೋಲ್ಟಿಗೆ ಏರಿಸಿ, ಮತ್ತೆ ಮೊಬೈಲಿಗೆ ೫ ವೋಲ್ಟಿಗೆ ಇಳಿಸುವದೆಂದರೆ ಕಾಳನ್ನು ಎರಡು ಸಾರಿ ಬೀಸಿದಂತೆ. ಪ್ರತಿ ಸಾರಿಯೂ ಒಂದಿಷ್ಟು ಹಿಟ್ಟು ಹಾರಿಹೋಗುತ್ತದೆ.

ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಐದು ಮೀಟರ್ ದೂರಕ್ಕೆ ೧೦ ಆಂಪಿಯರ್ ಕಳಿಸಿದರೆ, ಹೋಗಿಬರುವ ದಾರಿಯಲ್ಲಿ ಸುಮಾರು ೧.೨ ವೋಲ್ಟು ನಷ್ಟ. ಹತ್ತರಲ್ಲೊಂದು ಪಾಲು ತಂತಿಯನ್ನು ಕಾಯಿಸುವದಕ್ಕೇ ಹೋಯಿತು. ೬ ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ೦.೩ ವೋಲ್ಟಿಗೆ ಇಳಿಯುತ್ತದೆ.

ಬೆಂಕಿಯ ಎಚ್ಚರ

೧೨ ವೋಲ್ಟು ಮುಟ್ಟಿದರೆ ಮೈಗೆ ಹೊಡೆಯುವದಿಲ್ಲ ಎಂಬ ಧೈರ್ಯದಿಂದ ಕೆಲವರು ಅಜಾಗರೂಕರಾಗುತ್ತಾರೆ. ಹೊಡೆಯುವದಿಲ್ಲ, ಆದರೆ ಸುಡುತ್ತದೆ. ೧೦೦ ಆಂಪಿಯರ್-ತಾಸಿನ ಬ್ಯಾಟರಿಯ ಎರಡು ತುದಿಗಳ ಮೇಲೆ ಒಂದು ಪಾನಾ ಅಡ್ಡ ಬಿದ್ದರೆ ಕ್ಷಣದಲ್ಲಿ ನೂರಾರು ಆಂಪಿಯರು ಹರಿದು ಪಾನಾ ಕೆಂಪಾಗುತ್ತದೆ. ನಿಮ್ಮ ಗಾಡಿಯಲ್ಲಿ ತಾಡಪತ್ರಿ ಇದೆ, ಹಾಸಿಗೆಗಳಿವೆ, ಗ್ಯಾಸಿನ ಸಿಲಿಂಡರಿದೆ, ಕೆಳಗೆ ಮಲಗಿದ ಜನರಿದ್ದಾರೆ. ಆದುದರಿಂದ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೇ ಫ್ಯೂಜು ಇರಬೇಕು. ಫ್ಯೂಜಿನ ಅಳತೆ ತಂತಿ ತಾಳುವಷ್ಟಕ್ಕಿಂತ ಕಡಿಮೆಯಿರಬೇಕು. ಅದು ಹೋದಾಗ ಮೊಳೆಯನ್ನೋ ತಂತಿಯ ಚೂರನ್ನೋ ಸಿಕ್ಕಿಸಬಾರದು. ಮೂರು-ನಾಲ್ಕು ಫ್ಯೂಜುಗಳನ್ನು ಹೆಚ್ಚಾಗಿಯೇ ಒಯ್ಯಿರಿ. ಬ್ಯಾಟರಿ ಅಲುಗಾಡದಂತೆ ಪಟ್ಟಿ ಬಿಗಿದು, ಗ್ಯಾಸಿನಿಂದ ದೂರದ ಮೂಲೆಯಲ್ಲಿ, ನೆರಳಿನಲ್ಲಿ ಇರಲಿ. ಸೀಸದ ಬ್ಯಾಟರಿ ತುಂಬುವಾಗ ಹೊತ್ತಿಕೊಳ್ಳುವಂಥ ಜಲಜನಕ ಹೊರಬರಬಹುದಾದ್ದರಿಂದ ಅದರ ಪೆಟ್ಟಿಗೆಗೆ ಗಾಳಿಯ ಕಿಂಡಿ ಅವಶ್ಯ. ಲಿಥಿಯಮ್ಮಿಗಾದರೋ ೪೫ ಡಿಗ್ರಿ ಮೀರಿದ ಕಾವು ಆಯುಷ್ಯವನ್ನು ತಿನ್ನುತ್ತದೆ.

ಇಂಜಿನ್ನಿನ ಬ್ಯಾಟರಿಯನ್ನು ಮನೆಯ ಬಳಕೆಯಿಂದ ಪೂರ್ತಿ ಬೇರೆ ಇಡಿರಿ. ಗಾಡಿ ಓಡುವಾಗ ಎರಡನೆಯ ಬ್ಯಾಟರಿಯನ್ನೂ ತುಂಬಿಕೊಳ್ಳಬೇಕೆಂದರೆ ಅದಕ್ಕೆಂದೇ ಇರುವ ಡಿ.ಸಿ.ಯಿಂದ ಡಿ.ಸಿ.ಗೆ ತುಂಬುವ ಚಾರ್ಜರನ್ನು ನಡುವೆ ಹಾಕಿಸಿರಿ. ಮೋಡದ ದಿನಕ್ಕೆ ಅದೇ ಆಧಾರ. ಆದರೆ ಪಾದಯಾತ್ರೆಯ ಗಾಡಿ ದಿನಕ್ಕೆ ಓಡುವದು ಒಂದೆರಡು ತಾಸು ಮಾತ್ರ ಎಂಬದು ನೆನಪಿರಲಿ. ಆತ್ಮಕೂರಿನಾಚೆ ನಲ್ಲಮಲದ ಕಾಡು ಬಂದಾಗ ನಡೆಯುವವರು ಕಾಲುದಾರಿ ಹಿಡಿಯುತ್ತಾರೆ; ಗಾಡಿ ದೋರ್ನಾಲದ ರಸ್ತೆಯಿಂದ ಬಳಸಿ ಹೋಗಬೇಕು. ಹುಲಿಯ ಅಭಯಾರಣ್ಯವಾದ ಆ ಕಾಡಿನಲ್ಲಿ ಗಾಡಿಯ ದೀಪ ನಿಮ್ಮ ಸಂಗಡ ಇರುವದಿಲ್ಲ. ಆ ಹಾದ ಹಿಡಿಯುವ ಹಿಂದಿನ ದಿನವೇ ಪ್ರತಿಯೊಬ್ಬರ ಮೊಬೈಲೂ ಕೈದೀಪವೂ ತುಂಬಿರಬೇಕು. ಔಷಧ ತೆಗೆದುಕೊಳ್ಳುವವರ ಚೀಲ ಗಾಡಿಯಲ್ಲಿ ಉಳಿಯದೆ ಅವರ ಕೈಯಲ್ಲಿರಬೇಕು.

ಗಾಡಿಯ ರಚನೆಯನ್ನೇ ಬದಲಿಸುವ ವಿಚಾರವಿದ್ದರೆ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನಂತೆ ನೋಂದಣಿ ಅಧಿಕಾರಿಗಳ ಒಪ್ಪಿಗೆ ಬೇಕೆಂಬದನ್ನೂ ಇಲ್ಲಿ ಹೇಳಿಡಬೇಕು.

ಇಷ್ಟನ್ನು ಓದಿದ ಮೇಲೆ ಅಂಗಡಿಗೆ ಹೋಗುವ ಮುನ್ನ ಒಂದು ಕಾಗದ ತೆಗೆದುಕೊಳ್ಳಿರಿ. ಉಪಕರಣದ ಹೆಸರು, ಅದರ ವ್ಯಾಟು, ನಡೆಯುವ ತಾಸು ಎಂದು ಮೂರು ಸಾಲು ಹಾಕಿ ನಿಮ್ಮ ತಂಡದ ಒಟ್ಟು ಬರೆಯಿರಿ. ಒಟ್ಟು ಐದುನೂರರ ಆಸುಪಾಸಿದ್ದರೆ ೧೦೦ ಆಂಪಿಯರ್-ತಾಸಿನ, ಬಾಯಿ ಮುಚ್ಚಿದ ಸೀಸದ ಬ್ಯಾಟರಿ ಮತ್ತು ೨೦೦ ವ್ಯಾಟಿನ ಫಲಕ. ಸಾವಿರದ ಆಸುಪಾಸಿದ್ದರೆ ಅಷ್ಟೇ ಅಳತೆಯ ಲಿಥಿಯಮ್ ಬ್ಯಾಟರಿ ಮತ್ತು ೩೦೦ ವ್ಯಾಟಿನ ಫಲಕ. ಜೋಡಿಸಿದ ಮೇಲೆ ಹೊರಡುವ ವಾರದ ಮೊದಲೇ ಮನೆಯಂಗಳದಲ್ಲಿ ಮೂರು ಹಗಲು, ಮೂರು ರಾತ್ರಿ ಎಲ್ಲವನ್ನೂ ನಡೆಯಿಸಿ ನೋಡಿರಿ. ಸೀಸದ ಬ್ಯಾಟರಿಯಾದರೆ ಬೆಳಿಗ್ಗೆ ತುಸು ಹೊತ್ತು ಸುಮ್ಮನೆ ಬಿಟ್ಟು ವೋಲ್ಟ್ ಅಳೆಯಿರಿ, ೧೨.೨ಕ್ಕೆ ಬಂದಿದ್ದರೆ ಅರ್ಧ ಖರ್ಚಾಯಿತೆಂದು ತಿಳಿಯಿರಿ. ಲಿಥಿಯಮ್ಮಿನದು ಕೊನೆಯವರೆಗೂ ವೋಲ್ಟನ್ನು ಬಿಟ್ಟುಕೊಡುವದಿಲ್ಲ. ಅದಕ್ಕೆ ಒಳಹೋದುದನ್ನೂ ಹೊರಬಂದುದನ್ನೂ ಎಣಿಸುವ ಮೀಟರು ಬೇಕು. ಮೂರನೆಯ ಬೆಳಿಗ್ಗೆಯ ಲೆಕ್ಕ ಮೊದಲನೆಯ ಬೆಳಿಗ್ಗೆಯಷ್ಟೇ ಇದ್ದರೆ ನಿಮ್ಮ ಹಗೇವು ಸರಿಯಾಗಿದೆ. ದಿನದಿನಕ್ಕೆ ಇಳಿಯುತ್ತಿದ್ದರೆ ಒಂದು ಬಾಯಿ ಕಡಿಮೆ ಮಾಡಿರಿ ಇಲ್ಲವೆ ಒಂದು ಫಲಕ ಹೆಚ್ಚಿಸಿರಿ. ಅಂಗಳದಲ್ಲಿ ಕಂಡ ಕೊರತೆಯನ್ನು ಊರಲ್ಲಿಯೇ ನೀಗಿಸಬಹುದು. ಕಾಡಿನ ಅಂಚಿನಲ್ಲಿ ಕಂಡರೆ ಮಾಡುವದಕ್ಕೆ ಏನೂ ಇರುವದಿಲ್ಲ.